ಆಟದ ಬಯಲಿನಲ್ಲಿ ತಲೆಗೆ ಬೀಳುವ ಪೆಟ್ಟು

ಸಂಕ್ರಾಂತಿ ಕಳೆದು ಎರೆಹೊಲಗಳಲ್ಲಿ ಕಡಲೆ, ಬಿಳಿಜೋಳಗಳು ಬಲಿಯುವ ಹೊತ್ತಿಗೆ ನಮ್ಮ ಗದಗ-ಬೆಟಗೇರಿಯ ಸುತ್ತಣ ಶಾಲೆ ಕಾಲೇಜುಗಳಲ್ಲಿ ವಾರ್ಷಿಕ ಕ್ರೀಡಾಕೂಟಗಳ ಸಡಗರ ಮೊದಲಾಗುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಗೋಡೆಗಳ ಮೇಲೆ 'ಹೊನಲು ಬೆಳಕಿನ ಕಬಡ್ಡಿ' ಎಂಬ ದೊಡ್ಡ ಅಕ್ಷರದ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಹಿರಿಯರು ಹುತುತು ಎಂದು ಕರೆಯುತ್ತಿದ್ದ ಈ ಆಟಕ್ಕೆ ಬೇಕಾದುದು ಒಂದಿಷ್ಟು ಬಯಲು, ನಾಲ್ಕು ಗೆರೆ, ಹದಿನಾಲ್ಕು ಮಂದಿ ಹುಡುಗರು, ಅಷ್ಟೆ. ಚೆಂಡು ಬೇಡ, ಬಲೆ ಬೇಡ, ಕಾಲಿಗೆ ಬೂಟೂ ಬೇಡ. ಬಡವರ ಮಕ್ಕಳೂ ಆಡಬಹುದಾದ ಇಂಥ ಆಟವನ್ನು ನಾವು ಚಿಕ್ಕಂದಿನಲ್ಲಿ ಆಡಿದವರು. ಈಗ ಗೆರೆಯ ಹೊರಗೆ ನಿಂತು ನೋಡುವವರು. ಆದುದರಿಂದ ಮುಂದೆ ಬರೆಯುವ ಮಾತುಗಳನ್ನು ಆಟದ ವೈರಿಯ ಮಾತುಗಳೆಂದು ವಾಚಕರು ಬಗೆಯಬಾರದು.

ಕೆಲವು ವರ್ಷಗಳ ಕೆಳಗೆ ನಮ್ಮ ಜಿಲ್ಲೆಯ ಒಂದು ಕಾಲೇಜಿನ ಬಯಲಿನಲ್ಲಿ ಅಂತರ್ವರ್ಗ ಪಂದ್ಯ ನಡೆದಿದ್ದಿತು. ನಾವು ಭೌತಶಾಸ್ತ್ರ ಕಲಿಸುತ್ತಿದ್ದ ವರ್ಗದ ಹುಡುಗನೊಬ್ಬನು ದಾಳಿಗೆ ಹೋದನು. ಒಬ್ಬನು ಅವನ ಪಾದ ಹಿಡಿದನು, ಇಬ್ಬರು ಎದೆಗೆ ಒತ್ತಿ ನೂಕಿದರು. ಹುಡುಗನು ಹಿಮ್ಮುಖವಾಗಿ ಬಿದ್ದನು. ತಲೆಯ ಹಿಂಭಾಗ ನೆಲಕ್ಕೆ ತಾಗಿದ ಸದ್ದು ನಾವು ನಿಂತಲ್ಲಿಗೂ ಕೇಳಿಸಿತು. ಕೆಲವು ಕ್ಷಣ ಅವನು ಏಳಲಿಲ್ಲ. ಗೆಳೆಯರು ಮುಖಕ್ಕೆ ನೀರು ಚಿಮುಕಿಸಿ, "ಏಳಲೇ ತಮ್ಮಾ, ಏನೂ ಆಗಿಲ್ಲ!" ಎಂದು ಕೂಗಿದರು. ಅವನು ಎದ್ದನು, ಮೈಯ ಧೂಳು ಕೊಡವಿಕೊಂಡನು. ಜನ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು.

ಹೊರಗೆ ಕುಳಿತ ಹುಡುಗ ನಮ್ಮ ಕಡೆ ತಿರುಗಿ, "ಸರ್, ಎಷ್ಟಾಗ್ಯಾವ್ರೀ ಪಾಯಿಂಟ?" ಎಂದು ಕೇಳಿದನು. ಹೇಳಿದೆವು. ಎರಡು ನಿಮಿಷವೂ ಆಗಿರಲಿಲ್ಲ, ಮತ್ತೆ ಅದೇ ಪ್ರಶ್ನೆ. ಮೂರನೆಯ ಸಲ ಕೇಳಿದಾಗ ಸುತ್ತಲಿದ್ದವರು ನಕ್ಕರು. ಆಟದ ಗುಂಗಿನಲ್ಲಿ ಇದ್ದಾನೆಂದು ನಾವೂ ನಕ್ಕೆವು. ಅವನ ತಂಡಕ್ಕೆ ಅಂಕ ಬಂದೊಡನೆ ಒಳಗೆ ಹೋಗಿ ಕೊನೆಯವರೆಗೆ ಆಡಿದನು. ಗೆದ್ದ ಮೇಲೆ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಮೂರನೆಯ ದಿನ ಪ್ರಯೋಗಶಾಲೆಯಲ್ಲಿ ಆತನಿಗೆ ಸ್ಕ್ರೂಗೇಜಿನ ಗೆರೆಗಳನ್ನು ಓದಲಾಗಲಿಲ್ಲ. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತದೆ, ತಲೆ ಸಿಡಿಯುತ್ತದೆ ಎಂದನು. ವೈದ್ಯರ ಬಳಿ ಕಳಿಸಿದೆವು. ಸರಿಹೋಗಲು ಹತ್ತಿರ ಹತ್ತಿರ ಒಂದು ತಿಂಗಳು ಹಿಡಿಯಿತು. ಆ ಪಂದ್ಯದ ಉತ್ತರಾರ್ಧದ ನೆನಪು ಮಾತ್ರ ಅವನಿಗೆ ಇಂದಿಗೂ ಇಲ್ಲ. ತಾನು ಹೆಗಲೇರಿದ್ದನ್ನು ಅವನು ಗೆಳೆಯರ ಬಾಯಿಂದ ಕೇಳಿ ತಿಳಿದವನು. ನಮ್ಮನ್ನು ಕಾಡಿದ ವಿಷಯವೆಂದರೆ, ಅದೇ ವಾರ ಅದೇ ವರ್ಗದಲ್ಲಿ ನಾವು ಆವೇಗದ ಪಾಠ ಮಾಡಿದ್ದೆವು. ಚೆಂಡು ಹಿಡಿಯುವಾಗ ಆಟಗಾರನು ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದೇಕೆ ಎಂಬ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದಿದ್ದೆವು. ಕೈಗೆ ತಾಗುವ ಚೆಂಡಿನ ಲೆಕ್ಕ ತಿಳಿದಿದ್ದ ನಮಗೆ ನೆಲಕ್ಕೆ ತಾಗಿದ ತಲೆಯ ಲೆಕ್ಕ ಹೊಳೆಯಲಿಲ್ಲ.

ಆ ಲೆಕ್ಕವನ್ನು ಈಗಲಾದರೂ ಮಾಡೋಣ. ನಿಂತ ಹುಡುಗನ ತಲೆಯು ನೆಲದಿಂದ ಸುಮಾರು 150 ಸೆಂಟಿಮೀಟರು ಎತ್ತರದಲ್ಲಿದೆ ಎನ್ನಿರಿ. ಅಷ್ಟು ಎತ್ತರದಿಂದ ತಡೆಯಿಲ್ಲದೆ ಬಿದ್ದ ವಸ್ತು ನೆಲ ಮುಟ್ಟುವಾಗ ಸೆಕೆಂಡಿಗೆ 5.4 ಮೀಟರು, ಎಂದರೆ ಗಂಟೆಗೆ ಹತ್ತಿರ ಹತ್ತಿರ 20 ಕಿಲೋಮೀಟರು ವೇಗ ಪಡೆದಿರುತ್ತದೆ. ಇದು ಸೈಕಲ್ಲಿನ ವೇಗ, ಹೆದರಬೇಕಾದುದು ಇದಕ್ಕಲ್ಲ. ಆ ವೇಗ ಎಷ್ಟು ದೂರದೊಳಗೆ ಸೊನ್ನೆಯಾಗುತ್ತದೆ ಎಂಬುದೇ ಮುಖ್ಯ. ಬೀಳುವಾಗ ಗಳಿಸಿದ ಶಕ್ತಿಯನ್ನೆಲ್ಲ ನಿಲ್ಲುವಾಗ ಕಳೆದುಕೊಳ್ಳಬೇಕಷ್ಟೆ. ಆದಕಾರಣ ಬಿದ್ದ ಎತ್ತರವನ್ನು ನಿಲುಗಡೆಯ ದೂರದಿಂದ ಭಾಗಿಸಿದರೆ, ತಲೆಯ ಮೇಲಿನ ಸರಾಸರಿ ಬಲ ತಲೆಯ ತೂಕದ ಎಷ್ಟು ಪಟ್ಟು ಎಂಬುದು ಸ್ಥೂಲವಾಗಿ ದೊರೆಯುತ್ತದೆ. ಪದವಿಪೂರ್ವ ತರಗತಿಯ ಯಾವ ವಿದ್ಯಾರ್ಥಿಯೂ ಇದನ್ನು ಎರಡು ಸಾಲಿನಲ್ಲಿ ಸಾಧಿಸಬಲ್ಲನು.

ಈಗ ನೆಲದ ಮಾತು. ನಮ್ಮ ಸೀಮೆಯ ಎರೆಮಣ್ಣಿನ ಸ್ವಭಾವ ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುವ ಅದು ಒಣಗಿದಾಗ ಕುಗ್ಗಿ, ಬಿರಿದು, ಹೆಂಟೆಹೆಂಟೆಯಾಗಿ ಕಲ್ಲಿನಂತೆ ಗಡುಸಾಗುತ್ತದೆ. ಸಾವಿರಾರು ಕಾಲುಗಳು ತುಳಿದ ಶಾಲೆಯ ಬಯಲಂತೂ ಇನ್ನೂ ಗಡುಸು. ಅಂಥ ನೆಲದ ಮೇಲೆ ನೆತ್ತಿಯ ಚರ್ಮವೂ ಮಣ್ಣೂ ಸೇರಿ ಅರ್ಧ ಸೆಂಟಿಮೀಟರು ತಗ್ಗಿದುವೆನ್ನೋಣ. 150ನ್ನು ಅರ್ಧದಿಂದ ಭಾಗಿಸಿರಿ: ಮುನ್ನೂರು ಪಟ್ಟು. ಇಷ್ಟೆಲ್ಲ ನಡೆಯುವುದು ಒಂದು ಸೆಕೆಂಡಿನ ಸಾವಿರದ ಎರಡು ಭಾಗದೊಳಗೆ. ಕಣ್ಣೆವೆ ಮುಚ್ಚುವುದಕ್ಕೂ ಇದರ ಹತ್ತಾರು ಪಟ್ಟು ಕಾಲ ಬೇಕು. ಅದೇ ಹುಡುಗ ಐದು ಸೆಂಟಿಮೀಟರು ತಗ್ಗುವ ಸಡಿಲ ಮಣ್ಣಿನ ಮೇಲೆ ಬಿದ್ದಿದ್ದರೆ ಮುನ್ನೂರು ಹೋಗಿ ಮೂವತ್ತಾಗುತ್ತಿದ್ದಿತು. ನಿಜವಾದ ಬೀಳುವಿಕೆ ಇಷ್ಟು ಸರಳವಲ್ಲ. ಬೆನ್ನು, ಭುಜ, ಕೈಗಳು ಮೊದಲು ತಾಗಿ ಪೆಟ್ಟನ್ನು ಹಂಚಿಕೊಳ್ಳುವುದುಂಟು, ನೂಕಿದವರ ಬಲ ಸೇರಿ ಪೆಟ್ಟು ಹೆಚ್ಚುವುದೂ ಉಂಟು. ಆದರೆ ಒಂದು ನೆಲಕ್ಕೂ ಇನ್ನೊಂದು ನೆಲಕ್ಕೂ ಇರುವ ಅಂತರ ಎಷ್ಟೆಂಬುದನ್ನು ಈ ಲೆಕ್ಕ ಸರಿಯಾಗಿಯೇ ತೋರಿಸುತ್ತದೆ.

ಭೌತಶಾಸ್ತ್ರದ ಗಂಧವಿಲ್ಲದ ನಮ್ಮ ಹಳೆಯ ಉಸ್ತಾದರು ಈ ಅಂತರವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗರಡಿಮನೆಯ ಒಳಗೆ ಕಾಲಿಟ್ಟವರು ಅಲ್ಲಿನ ಮಟ್ಟಿಯನ್ನು ಕಂಡಿರುತ್ತಾರೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ, ಮಜ್ಜಿಗೆ, ನಿಂಬೆರಸಗಳನ್ನು ಕೂಡಿಸಿ ಹದ ಮಾಡಿದ ಮಣ್ಣು ಅದು. ತಾಲೀಮಿಗೆ ಬಂದ ಹುಡುಗ ಮೊದಲು ಹಿಡಿಯುತ್ತಿದ್ದುದು ಎದುರಾಳಿಯ ಕೈಯನ್ನಲ್ಲ, ಗುದ್ದಲಿಯನ್ನು. ಮಟ್ಟಿಯನ್ನು ಅಗೆದು ಸಡಿಲಿಸುವುದೇ ಅವನ ಮೊದಲ ವ್ಯಾಯಾಮ. ಒಬ್ಬನನ್ನು ಎತ್ತಿ ಅಂಗಾತ ಕೆಡಹುವುದೇ ಕುಸ್ತಿಯ ಗುರಿಯಾದ ಮೇಲೆ ಬೀಳುವವನಿಗೆ ಹಾಸಿಗೆ ಸಿದ್ಧಪಡಿಸುವುದು ಕಲಿಸುವವನ ಧರ್ಮವೆಂದು ಅವರು ತಿಳಿದಿದ್ದರು. ಅದೇ ಊರಿನ ಶಾಲೆಯಲ್ಲಿ ಕಬಡ್ಡಿಗೆ ಸುಣ್ಣದ ಗೆರೆ ಎಳೆದರೆ ಅಂಗಳ ಸಿದ್ಧವಾಯಿತೆಂದು ನಾವು, ವಿದ್ಯಾವಂತರು, ತಿಳಿದಿದ್ದೇವೆ! ಇನ್ನು 2014ರಲ್ಲಿ ಪ್ರೊ ಕಬಡ್ಡಿ ಮೊದಲಾದ ಮೇಲೆ ಹುಡುಗರು ದೂರದರ್ಶನದ ಪರದೆಯಲ್ಲಿ ಕಂಡ ಹಾರಾಟ, ಡಿಕ್ಕಿ, ಎತ್ತಿ ಎಸೆಯುವ ಪಟ್ಟುಗಳನ್ನು ತಮ್ಮ ಬಯಲಿನಲ್ಲಿ ಪ್ರಯೋಗಿಸುತ್ತಾರೆ. ಪರದೆಯ ಮೇಲಿನ ಆಟಗಾರನು ಬೀಳುವುದು ಮ್ಯಾಟಿನ ಮೇಲೆ ಎಂಬುದನ್ನು ಗಮನಿಸುವವರು ಕಡಿಮೆ. ಪಟ್ಟು ನಮ್ಮ ಹಳ್ಳಿಗೆ ಬಂದಿತು, ಮ್ಯಾಟು ಬರಲಿಲ್ಲ.

ಆದರೆ ನೆಲವನ್ನು ಮೆತ್ತಗೆ ಮಾಡಿದಮಾತ್ರಕ್ಕೆ ಎಲ್ಲವೂ ಮುಗಿಯುವುದಿಲ್ಲ. ತಲೆಗೆ ಮೊಣಕಾಲು ತಾಗಬಹುದು, ತಲೆಗೆ ತಲೆ ಡಿಕ್ಕಿಯಾಗಬಹುದು, ಎದೆಗೆ ಬಿದ್ದ ನೂಕಿನಿಂದಲೇ ಕುತ್ತಿಗೆಯ ಮೇಲೆ ತಲೆ ಥಟ್ಟನೆ ತಿರುಗಬಹುದು. ಈ ತಿರುಗುವಿಕೆಯನ್ನು ಕುರಿತು ಒಂದು ಸ್ವಾರಸ್ಯವಾದ ಸಂಗತಿಯಿದೆ. ನಮ್ಮ ಮಿದುಳು ಸುಮಾರು 1400 ಗ್ರಾಂ ತೂಗುವ, ಬಹು ಮೃದುವಾದ ವಸ್ತು. ತಲೆಬುರುಡೆಯೊಳಗೆ ಅದು ತಿಳಿಯಾದ ದ್ರವವೊಂದರಲ್ಲಿ ತೇಲುತ್ತಿರುವುದರಿಂದ, ಆರ್ಕಿಮಿಡೀಸನ ನಿಯಮದಂತೆ ಅದರ ತೋರಿಕೆಯ ತೂಕ ಸುಮಾರು 50 ಗ್ರಾಮಿಗೆ ಇಳಿಯುತ್ತದೆ. ದಿನನಿತ್ಯದ ನಡೆ, ಓಟ, ನೆಗೆತಗಳಿಗೆ ಈ ಏರ್ಪಾಡು ಸಾಕು. ತಲೆ ಥಟ್ಟನೆ ತಿರುಗಿದಾಗ ಮಾತ್ರ ಸಾಲದು.

ಮನೆಯಲ್ಲಿ ಗಡಿಗೆಯ ತುಂಬ ಹೆಪ್ಪುಗಟ್ಟಿದ ಮೊಸರಿದ್ದರೆ ತಾಯಂದಿರ ಅಪ್ಪಣೆ ಪಡೆದು ಪರೀಕ್ಷಿಸಿರಿ. ಗಡಿಗೆಯನ್ನು ನೇರವಾಗಿ ತುಸು ನೂಕಿ ನಿಲ್ಲಿಸಿದರೆ ಮೊಸರಿಗೆ ಹೆಚ್ಚೇನೂ ಆಗುವುದಿಲ್ಲ. ಗಡಿಗೆಯ ಕಂಠ ಹಿಡಿದು ಥಟ್ಟನೆ ತಿರುವಿದರೆ ಗಡಿಗೆ ತಿರುಗುತ್ತದೆ, ಜಡತ್ವದಿಂದಾಗಿ ಮೊಸರು ಹಿಂದುಳಿಯುತ್ತದೆ, ಅಂಚಿನಲ್ಲಿ ಬಿರುಕು ಮೂಡುತ್ತದೆ. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್ಬರ್ನ್ ಎಂಬಾತನು 1943ರಲ್ಲಿ ಇದೇ ತತ್ತ್ವವನ್ನು ಮುಂದಿಟ್ಟನು. ಜೆಲಾಟಿನ್ ತುಂಬಿದ ಮಾದರಿಗಳನ್ನು ಮಾಡಿ ಅವುಗಳನ್ನು ತಿರುಗಿಸಿ ನೋಡಿದವನು ಆತ. ಮಿದುಳು ನೀರಿನಂತೆ, ಎಲ್ಲ ಕಡೆಯಿಂದ ಅದುಮಿದರೆ ಅದರ ಗಾತ್ರ ಕುಗ್ಗುವುದು ಅತ್ಯಲ್ಪ. ಆದರೆ ಇಸ್ಪೀಟಿನ ಎಲೆಗಳ ಕಟ್ಟನ್ನು ಓರೆಯಾಗಿ ಸರಿಸುವಂತೆ ಪದರದ ಮೇಲೆ ಪದರವನ್ನು ಸರಿಸುವ ಬಲಕ್ಕೆ ಅದು ಬೇಗ ಸೋಲುತ್ತದೆ. ಇದಕ್ಕೆ ಎರಡು ವರ್ಷ ಮುಂಚೆ, 1941ರಲ್ಲಿ, ಡೆನ್ನಿ-ಬ್ರೌನ್ ಮತ್ತು ರಸಲ್ ಎಂಬ ವೈದ್ಯರು ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ತಲೆ ಅಲುಗಲು ಎಡೆಯಿದ್ದಾಗ ಸುಲಭವಾಗಿ ಪ್ರಜ್ಞೆ ತಪ್ಪಿಸುತ್ತಿದ್ದ ಪೆಟ್ಟು, ತಲೆಯನ್ನು ಬಿಗಿಯಾಗಿ ಹಿಡಿದಾಗ ಹಾಗೆ ಮಾಡದೆಂದು ಕಂಡುಬಂದಿದ್ದಿತು. ಬುರುಡೆ ಬಿರಿಯದೆ, ರಕ್ತ ಸುರಿಯದೆ, ಬೋರೆಯೂ ಏಳದೆ ಮಿದುಳಿಗೆ ಪೆಟ್ಟಾಗಬಹುದೆಂಬುದು ಇದರಿಂದ ತಿಳಿಯುತ್ತದೆ. ವೈದ್ಯರು ಇದನ್ನು ಕನ್‌ಕಷನ್ ಎನ್ನುತ್ತಾರೆ. ನಾವು ಮಿದುಳಿನ ಅದುರುಪೆಟ್ಟು ಎನ್ನೋಣ.

ಇಲ್ಲಿ ನಮ್ಮ ಗೆಳೆಯರೊಬ್ಬರು ಅಡ್ಡ ಬಂದರು. "ಟಗರಿನ ಕಾಳಗ ನೋಡೀರಿಲ್ಲೋ? ಹಣೆಗೆ ಹಣೆ ಬಡದ್ರೂ ಟಗರು ಮತ್ತ ಹಿಂದ ಸರದು ಬರ್ತದ. ಅದಕ್ಕಾಗದ್ದು ಮನಶ್ಯಾಗ ಆಗ್ತದೇನ್ರೀ?" ಎಂದರು. ಜಾತ್ರೆಗಳಲ್ಲಿ ಟಗರಿನ ಕಾಳಗ ನೋಡಿ ಬೆಳೆದ ನಮ್ಮ ಕಡೆಯವರಿಗೆ ಈ ವಾದ ಸಹಜವಾದುದೇ. ಆದರೆ ಟಗರು ತನ್ನ ದಪ್ಪ ಕುತ್ತಿಗೆಯನ್ನು ಬಿಗಿಹಿಡಿದು, ಮೈಯ ನೇರಕ್ಕೆ ತಲೆಯಿಟ್ಟು ಹಾಯುತ್ತದೆ. ತಲೆ ಅತ್ತಿತ್ತ ತಿರುಗಲು ಅದು ಎಡೆಗೊಡುವುದು ಕಡಿಮೆ. ಅಷ್ಟಾದರೂ ಅದು ಪಾರಾಗುವುದೆ? 2022ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಹಣೆಗೆ ಹಣೆ ಬಡಿದು ಕಾದಾಡುವ ಕಸ್ತೂರಿ ಎತ್ತುಗಳ ಹಾಗೂ ಅಮೆರಿಕದ ಕಾಡುಕುರಿಗಳ ಮಿದುಳುಗಳಲ್ಲಿ, ಪೆಟ್ಟು ತಿಂದ ಮನುಷ್ಯರ ಮಿದುಳಿನಲ್ಲಿ ಕಾಣುವಂಥ ಹಾನಿಯ ಗುರುತುಗಳು ದೊರೆತುವು. ಟಗರು ತನಗೆ ತಲೆನೋವೆಂದು ಯಾರಿಗೆ ಹೇಳೀತು?

ಇನ್ನೊಂದು ಉದಾಹರಣೆ ಮರಕುಟಿಗನದು. ಅದರ ತಲೆಯೊಳಗೆ ಪೆಟ್ಟು ಹೀರುವ ಮೆತ್ತೆಯಂಥ ರಚನೆಯಿದೆಯೆಂದು ಪುಸ್ತಕಗಳು ಬಹುಕಾಲ ಹೇಳುತ್ತ ಬಂದುವು. 2022ರಲ್ಲಿಯೇ ಇನ್ನೊಂದು ತಂಡದವರು ವೇಗದ ಚಲಚ್ಚಿತ್ರಗಳನ್ನು ತೆಗೆದು ಪರೀಕ್ಷಿಸಿದಾಗ ಅಂಥ ಮೆತ್ತೆಯ ಕೆಲಸವೇನೂ ಕಾಣಲಿಲ್ಲ. ಅದರ ತಲೆ ಗಟ್ಟಿ ಸುತ್ತಿಗೆಯಂತೆಯೇ ವರ್ತಿಸುತ್ತದೆ. ಅದನ್ನು ಕಾಯುವುದು ಮಿದುಳಿನ ಚಿಕ್ಕತನ. ವಸ್ತುವಿನ ಉದ್ದವನ್ನು ಎರಡರಷ್ಟು ಮಾಡಿದರೆ ರಾಶಿ ಎಂಟರಷ್ಟಾಗುತ್ತದೆ, ಆ ಬಲವನ್ನು ಹೊರುವ ಮೈ ನಾಲ್ಕರಷ್ಟು ಮಾತ್ರ ಆಗುತ್ತದೆ. ಎಂದರೆ ಒಂದೇ ವೇಗಬದಲಾವಣೆಗೆ ದೊಡ್ಡದರ ಒಳಗಿನ ಒತ್ತಡ ಹೆಚ್ಚು. ಸುಮಾರು ಎರಡು ಗ್ರಾಂ ತೂಗುವ ಮರಕುಟಿಗನ ಮಿದುಳಿಗೆ ನಮ್ಮದನ್ನು ಹೋಲಿಸಿದರೆ ಉದ್ದದಲ್ಲಿ ಒಂಬತ್ತು ಪಟ್ಟು ವ್ಯತ್ಯಾಸ. ದೊಡ್ಡ ಮಿದುಳಿನಿಂದಲೇ ನಾವು ಮನುಷ್ಯರಾದೆವು. ಅದಕ್ಕೆ ತೆರಬೇಕಾದ ಸುಂಕಗಳಲ್ಲಿ ಇದೂ ಒಂದು.

ಇರಲಿ, ಪೆಟ್ಟು ತಿಂದ ಹುಡುಗನ ಕಡೆಗೆ ಮರಳೋಣ. ಆಟದ ಅದುರುಪೆಟ್ಟುಗಳಲ್ಲಿ ಪ್ರಜ್ಞೆ ತಪ್ಪುವುದು ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ. ಉಳಿದವರು ಎದ್ದು ನಿಲ್ಲುತ್ತಾರೆ, ಮಾತನಾಡುತ್ತಾರೆ, ಓಡುತ್ತಾರೆ ಕೂಡ. ಆದರೆ ಒಳಗೆ ನರಕೋಶಗಳು ಹದಗೆಟ್ಟಿರುತ್ತವೆ. ಅವುಗಳಿಂದ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಇದನ್ನು ಸರಿಪಡಿಸಲು ಹೆಚ್ಚು ಸಕ್ಕರೆ ಬೇಕಾದ ಹೊತ್ತಿನಲ್ಲಿಯೇ ರಕ್ತದ ಹರಿವು ಕುಗ್ಗುತ್ತದೆ. ಕೇಳಿದ್ದನ್ನೇ ಕೇಳುವುದು, ಪೆಟ್ಟಿಗೆ ಮುಂಚಿನ ಇಲ್ಲವೆ ಅನಂತರದ ಸಂಗತಿ ಮರೆಯುವುದು, ತೂರಾಡುವುದು, ಕಣ್ಣು ಮಂಜಾಗುವುದು, ಮಂಕಾಗಿ ಕೂರುವುದು, ಕಾರಣವಿಲ್ಲದೆ ಸಿಡುಕುವುದು ಅಥವಾ ಅಳುವುದು, ಇವೆಲ್ಲ ಆ ಕೊರತೆಯ ಹೊರಗುರುತುಗಳು. ವಯಸ್ಕರಲ್ಲಿ ಬಹುಮಂದಿ ಎರಡು ವಾರಗಳಲ್ಲಿ ಸರಿಹೋಗುತ್ತಾರೆ. ಹದಿಹರೆಯದವರಿಗೆ ನಾಲ್ಕು ವಾರಗಳವರೆಗೂ ಹಿಡಿಯಬಹುದು. ಈ ಅವಧಿಯಲ್ಲಿ ಎರಡನೆಯ ಪೆಟ್ಟು ಬಿದ್ದರೆ, ಅದು ಹಗುರವಾದುದೇ ಆಗಿದ್ದರೂ, ಚೇತರಿಕೆ ಬಹಳ ದೀರ್ಘವಾಗುತ್ತದೆ. ವಿರಳವಾಗಿ, ಅದೂ ಹೆಚ್ಚಾಗಿ ಎಳೆಯರಲ್ಲಿ, ಮಿದುಳು ಬಾತು ಪ್ರಾಣವೇ ಹೋದದ್ದುಂಟು.

ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೆ. ಕಾಲು ಉಳುಕಿದರೆ ಮಿದುಳು ನಮಗೆ ತಿಳಿಸುತ್ತದೆ. ಕೈ ಮುರಿದರೂ ತಿಳಿಸುತ್ತದೆ. ಮಿದುಳಿಗೇ ಪೆಟ್ಟಾದರೆ ತಿಳಿಸುವವರಾರು? "ಏನೂ ಆಗಿಲ್ರೀ ಸರ್" ಎನ್ನುವ ಹುಡುಗ ಸುಳ್ಳು ಹೇಳುತ್ತಿಲ್ಲ. ಯಾವ ಅಂಗವನ್ನು ಪರೀಕ್ಷಿಸಬೇಕಾಗಿದೆಯೋ ಅದೇ ಅಂಗ ಪರೀಕ್ಷಕನ ಸ್ಥಾನದಲ್ಲಿ ಕುಳಿತಿದೆ. ಆದಕಾರಣ ತಲೆಗೆ ಪೆಟ್ಟು ತಿಂದ ಹುಡುಗನನ್ನು ಅಥವಾ ಹುಡುಗಿಯನ್ನು "ಆಡ್ತೀಯೇನು?" ಎಂದು ಕೇಳುವುದೇ ತಪ್ಪು. ಆ ದಿನದ ಮಟ್ಟಿಗೆ ಆಟ ಮುಗಿಯಿತೆಂದು ಬೇರೊಬ್ಬರು ನಿರ್ಣಯಿಸಬೇಕು. ಆ ನಿರ್ಣಯದ ಮೇಲೆ ನಾಯಕನ, ಪ್ರೇಕ್ಷಕರ, ಬಹುಮಾನದ ಡಾಲಿನ ಒತ್ತಡ ಇರಕೂಡದು.

ಈ ಮಾತು ಕಿವಿಗೆ ಹತ್ತದಿರಲು ಕಾರಣ, ನೋವನ್ನು ನುಂಗಿ ಆಡಿದವರ ಕಥೆಗಳು ನಮಗೆ ಬಹಳ ಪ್ರಿಯ. 2002ರಲ್ಲಿ ಆಂಟಿಗುವಾದಲ್ಲಿ ನಮ್ಮ ಅನಿಲ್ ಕುಂಬ್ಳೆಯವರು ಒಡೆದ ದವಡೆಗೆ ಬಟ್ಟೆ ಸುತ್ತಿಕೊಂಡು ಒಂದೇ ಸಮನೆ 14 ಓವರು ಬೌಲಿಂಗು ಮಾಡಿ, ಬ್ರಯನ್ ಲಾರಾನನ್ನು ಔಟು ಮಾಡಿದ ಕಥೆ ಯಾವ ಕನ್ನಡಿಗ ಹುಡುಗನಿಗೆ ಗೊತ್ತಿಲ್ಲ? ಅದು ನಿಜವಾಗಿಯೂ ಕೆಚ್ಚು; ನಮಗೂ ಅದನ್ನು ನೆನೆದರೆ ಮೈ ನವಿರೇಳುತ್ತದೆ. ಆದರೆ ಒಡೆದದ್ದು ಮೂಳೆ. ತಾನೇನು ಪಣಕ್ಕಿಡುತ್ತಿದ್ದೇನೆಂಬುದನ್ನು ಅಳೆಯುವ ಮಿದುಳು ಅವರಲ್ಲಿ ಸರಿಯಾಗಿತ್ತು. ಆ ಕಥೆಯನ್ನು ಅದುರುಪೆಟ್ಟಿಗೆ ಅನ್ವಯಿಸುವುದು ಸಲ್ಲದು. ಕ್ರಿಕೆಟ್ಟಿನ ಹಿರಿಯರೇ ಈ ಭೇದವನ್ನು ಈಗ ಒಪ್ಪಿದ್ದಾರೆ. 1962ರಲ್ಲಿ ಬಾರ್ಬಡೋಸಿನಲ್ಲಿ ನಾಯಕ ನಾರಿ ಕಾಂಟ್ರ್ಯಾಕ್ಟರರ ಬುರುಡೆ ಒಡೆದು ಅವರು ಸಾವಿನಂಚಿಗೆ ಹೋಗಿ ಬಂದರು. 1998ರಲ್ಲಿ ಢಾಕಾದಲ್ಲಿ ರಮಣ್ ಲಾಂಬಾ ಶಿರಸ್ತ್ರಾಣವಿಲ್ಲದೆ ಹತ್ತಿರದಲ್ಲಿ ಫೀಲ್ಡಿಂಗು ಮಾಡುತ್ತ ತಲೆಗೆ ಚೆಂಡು ತಾಗಿ ಮೂರು ದಿನಗಳಲ್ಲಿ ತೀರಿಕೊಂಡರು. ಕೊನೆಗೆ 2019ರ ಆಗಸ್ಟ್ 1ರಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅದುರುಪೆಟ್ಟು ತಿಂದವನ ಬದಲಿಗೆ ಇನ್ನೊಬ್ಬನು ಆಡಬಹುದೆಂಬ ನಿಯಮ ಬಂದಿತು. 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ರವೀಂದ್ರ ಜಡೇಜಾರ ಶಿರಸ್ತ್ರಾಣಕ್ಕೆ ಚೆಂಡು ತಾಗಿದಾಗ ಅವರ ಬದಲು ಯಜುವೇಂದ್ರ ಚಾಹಲ್ ಬಂದು ಮೂರು ವಿಕೆಟ್ಟು ಪಡೆದರು. ಎದುರು ಪಕ್ಷದವರು ಗೊಣಗಿದರು, ನಿಯಮವೇನೂ ಬದಲಾಗಲಿಲ್ಲ. ಲಕ್ಷಗಟ್ಟಲೆ ಸಂಬಳದ ಆಟಗಾರನಿಗೆ ದೊರೆತ ಈ ರಕ್ಷಣೆ ಮುಂಡರಗಿಯ ಒಂಬತ್ತನೆಯ ತರಗತಿಯ ಬಾಲಕಿಗೆ ದೊರೆಯಬಾರದೇಕೆ?

ಬೇರೆ ದೇಶಗಳಲ್ಲಿ ಮಕ್ಕಳಿಗಾಗಿ ಇದನ್ನು ಕಾನೂನಾಗಿಯೇ ಮಾಡಿದ್ದಾರೆ. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜ್ಯಾಕರಿ ಲಿಸ್ಟೆಡ್ ಎಂಬ 13 ವರ್ಷದ ಹುಡುಗನು ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದು, ಸ್ವಲ್ಪ ಹೊತ್ತು ಹೊರಗೆ ಕುಳಿತು, ಮತ್ತೆ ಆಡಲು ಹೋಗಿ, ಪಂದ್ಯದ ಕೊನೆಗೆ ಕುಸಿದುಬಿದ್ದನು. ಪ್ರಾಣ ಉಳಿಯಿತು, ಮಾತು, ನಡಿಗೆಗಳನ್ನು ಮೊದಲಿನಿಂದ ಕಲಿಯಬೇಕಾಯಿತು. 2009ರಲ್ಲಿ ಅವನ ಹೆಸರಿನಲ್ಲಿಯೇ ಆ ರಾಜ್ಯ ಕಾಯಿದೆ ಮಾಡಿತು: ಅದುರುಪೆಟ್ಟಿನ ಸಂಶಯವಿದ್ದರೆ ಹೊರಗೆ, ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ಒಳಗಿಲ್ಲ. 2014ರೊಳಗೆ ಐವತ್ತೂ ರಾಜ್ಯಗಳಲ್ಲಿ ಈ ಬಗೆಯ ಕಾಯಿದೆಗಳಾದುವು. ಬ್ರಿಟನ್ನಿನಲ್ಲಿ 2023ರಿಂದ ಊರುಕೇರಿಯ ಆಟಗಳಿಗೂ ಸೂಚನೆಗಳಿವೆ: ಸಂಶಯವಿದ್ದರೆ ಕೂರಿಸಿರಿ, ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಕಾಯಿರಿ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಯಂತ್ರ ಬೇಕಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಒಂದು ಬೆಂಚು ಸಾಕು.

ಯಂತ್ರ ಬೇಕಾಗುವ ಸಂದರ್ಭ ಬೇರೆಯೇ ಇದೆ. ಕೆಲವೊಮ್ಮೆ ಬುರುಡೆಯೊಳಗಿನ ರಕ್ತನಾಳ ಹರಿದು ನಿಧಾನವಾಗಿ ರಕ್ತ ತುಂಬುತ್ತದೆ. ಅಂಥವನು ಮೊದಲು ಸರಿಯಾಗಿಯೇ ಕಾಣುತ್ತಾನೆ. ಮನೆಗೆ ನಡೆದು ಹೋಗಿ, ಊಟ ಮಾಡಿ, ದಣಿವೆಂದು ಮಲಗುತ್ತಾನೆ. ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸು, ಕೈಕಾಲಿನ ಸೋಲು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಕಿವಿ ಮೂಗುಗಳಿಂದ ನೀರಿನಂಥ ದ್ರವ ಸೋರುವುದು, ಇವುಗಳಲ್ಲಿ ಒಂದು ಕಂಡರೂ ಗಳಿಗೆಯನ್ನೂ ಕಳೆಯದೆ 108ಕ್ಕೆ ಕರೆ ಮಾಡಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಸಾಗಿಸಬೇಕು. ಕುತ್ತಿಗೆ ನೋಯುತ್ತದೆಂದರೆ ಎಳೆದಾಡಿ ಎಬ್ಬಿಸಬಾರದು. ಮುಂಡರಗಿಯಿಂದ ಗದಗ ಸುಮಾರು 40 ಕಿಲೋಮೀಟರು, ಗದಗದಿಂದ ಹುಬ್ಬಳ್ಳಿ ಸುಮಾರು 60. ರಾತ್ರಿ ಹನ್ನೊಂದು ಗಂಟೆಯ ಹೊನಲು ಬೆಳಕಿನ ಪಂದ್ಯದಿಂದ ಹೊರಟವನಿಗೆ ಈ ದೂರ ಇನ್ನೂ ದೊಡ್ಡದು. 2022ರ ಜುಲೈಯಲ್ಲಿ ಬೆಂಗಳೂರಿನಲ್ಲಿಯೇ ನಡೆದ ರಾಜ್ಯಮಟ್ಟದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ ತರುಣನೊಬ್ಬ ತಲೆಗೆ ಗುದ್ದು ತಿಂದು ಕುಸಿದು, ಕೆಲವು ದಿನಗಳಲ್ಲಿ ಅಸುನೀಗಿದನು. ಸ್ಥಳದಲ್ಲಿ ವೈದ್ಯರ, ಆಂಬುಲೆನ್ಸಿನ ಏರ್ಪಾಡು ಇರಲಿಲ್ಲವೆಂದು ಮನೆಯವರು ದೂರಿದರು. ರಾಜಧಾನಿಯ ಮಾತು ಹೀಗಿರುವಾಗ ತಾಲೂಕಿನ ಬಯಲುಗಳನ್ನು ಕುರಿತು ಹೆಚ್ಚು ಹೇಳುವ ಅಗತ್ಯವಿಲ್ಲ. ಇನ್ನೊಂದು ಮಾತು: ಸ್ಕ್ಯಾನಿನಲ್ಲಿ ರಕ್ತಸ್ರಾವವಿದ್ದರೆ ಕಾಣುತ್ತದೆ, ಅದುರುಪೆಟ್ಟು ಕಾಣುವುದಿಲ್ಲ. 'ಸ್ಕ್ಯಾನ್ ನಾರ್ಮಲ್' ಎಂಬ ಕಾಗದ ಹಿಡಿದು ಮರುದಿನವೇ ಅಂಗಳಕ್ಕೆ ಇಳಿಯಕೂಡದು.

ಇದನ್ನೆಲ್ಲ ಓದಿ ಕೆಲವು ತಂದೆತಾಯಿಗಳು ಮಕ್ಕಳ ಆಟವನ್ನೇ ನಿಲ್ಲಿಸಿಯಾರು ಎಂಬ ಅಂಜಿಕೆ ನಮಗಿದೆ. ಹುಡುಗನನ್ನು ನೀಟ್ ಪರೀಕ್ಷೆಯ ಪುಸ್ತಕಗಳ ನಡುವೆ ಕೂಡಿಹಾಕಲು ನೆವ ಹುಡುಕುತ್ತಿರುವವರಿಗೆ ನಮ್ಮ ಲೇಖನ ಒದಗುವುದು ಬೇಡ. ಹುಡುಗಿಯರನ್ನು ಆಟದಿಂದ ಬಿಡಿಸಲಂತೂ ನಮ್ಮ ಸಮಾಜಕ್ಕೆ ನೆವವೇ ಬೇಕಾಗಿಲ್ಲ. ಆಡದೆ ಬೆಳೆದ ಮೈಗೆ ಬರುವ ರೋಗಗಳು ಆಟದ ಗಾಯಗಳಿಗಿಂತ ಬಹಳ ಹೆಚ್ಚು. ಇನ್ನು ದೈಹಿಕ ಶಿಕ್ಷಕರನ್ನು ದೂರುವುದೂ ನಮ್ಮ ಉದ್ದೇಶವಲ್ಲ. ನೂರಾರು ಮಕ್ಕಳಿಗೆ ಒಬ್ಬರೇ ಇರುತ್ತಾರೆ, ಅವರೇ ತೀರ್ಪುಗಾರರು, ಅವರೇ ಸುಣ್ಣ ಹಾಕುವವರು. ಅವರೇ ಇಲ್ಲದ ಶಾಲೆಗಳೂ ಉಂಟು. ಆದರೆ ಪಂದ್ಯಕ್ಕೆ ಮುನ್ನ ಅಂಗಳವನ್ನು ಅರ್ಧ ಅಡಿ ಅಗೆದು, ಹೆಂಟೆ ಒಡೆದು, ಮರಳು ಬೆರೆಸಿ ಸಡಿಲಿಸುವುದು ಇಪ್ಪತ್ತು ಹುಡುಗರ ಒಂದು ಸಂಜೆಯ ಕೆಲಸ. ವಯಸ್ಸನ್ನು ಮಾತ್ರ ನೋಡದೆ ತೂಕವನ್ನೂ ನೋಡಿ ತಂಡ ಕಟ್ಟುವುದಕ್ಕೆ ಒಂದು ತಕ್ಕಡಿ ಬೇಕು. ಒಂದೇ ತರಗತಿಯಲ್ಲಿ 35 ಕಿಲೋ ಹುಡುಗನೂ 60 ಕಿಲೋ ಹುಡುಗನೂ ಇರುವುದನ್ನು ನಾವೆಲ್ಲ ಕಂಡಿದ್ದೇವೆ. ಪೆಟ್ಟು ತಿಂದವನನ್ನು ಆ ದಿನ ಮತ್ತೆ ಇಳಿಸುವುದಿಲ್ಲವೆಂಬ ಒಂದು ಸಾಲನ್ನು ಪಂದ್ಯಾವಳಿಯ ಕರಪತ್ರದಲ್ಲಿ, ಪ್ರವೇಶ ಶುಲ್ಕದ ಸಾಲಿನ ಕೆಳಗೆ, ಅಚ್ಚು ಹಾಕಿಸಲು ಖರ್ಚೇನೂ ಇಲ್ಲ.

ಕಳೆದ ವರ್ಷ ನಮ್ಮ ವಿದ್ಯಾರ್ಥಿಗಳು ಅಂಗಳವನ್ನು ಅಗೆದರು. ಮೊದಲ ದಿನ ಅಂಗೈಯಲ್ಲಿ ಬೊಬ್ಬೆಗಳೆದ್ದುವು. ಎರೆಮಣ್ಣಿನೊಡನೆ ಅದು ಅನಿವಾರ್ಯ. ಎರಡನೆಯ ಪಂದ್ಯದಲ್ಲಿ ಇಬ್ಬರ ತಲೆಗಳು ಡಿಕ್ಕಿಯಾದುವು. ಒಬ್ಬನು ತಂಡದ ಮುಖ್ಯ ದಾಳಿಗಾರ. ಅವನು ಎದ್ದು ನಿಂತು, ಎರಡು ಹೆಜ್ಜೆ ತೂರಾಡಿ, "ಏನೂ ಆಗಿಲ್ರೀ ಸರ್" ಎಂದನು. ದೈಹಿಕ ಶಿಕ್ಷಕರೂ ನಾವೂ ಮುಖ ನೋಡಿಕೊಂಡೆವು. ಅವನನ್ನು ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ಒಬ್ಬನನ್ನು ಕಾವಲಿಟ್ಟು, ಸಂಜೆ ಅವನ ತಂದೆಯನ್ನು ಕರೆಸಿ ರಾತ್ರಿ ಗಮನಿಸಬೇಕಾದ ಗುರುತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆವು. ತಂಡವು ನಾಲ್ಕು ಅಂಕಗಳಿಂದ ಸೋತಿತು. ಆ ಹುಡುಗರು ಒಂದು ವಾರ ನಮ್ಮೊಡನೆ ಮಾತನಾಡಲಿಲ್ಲ.